ಮಾವನವರಿಗಾಗಿ ಫೋಟೋ ಮೇಲೆ ಬರೆದ ಮಾತು

ಫೋಟೋ ಮೇಲೆ ಅಕ್ಷರ ಕೂರಿಸುವುದನ್ನು ನನಗೆ ಕಲಿಸಿದವಳು ನನ್ನ ಮಗಳು. ಅವಳು ತಿಪಟೂರಿನಲ್ಲಿ ಹಾಸ್ಟೆಲ್ಲಿಗೆ ಸೇರಿ ಓದುತ್ತಿದ್ದಳು. ಒಮ್ಮೆ ರಜೆಗೆ ಬಂದಾಗ ಹಿತ್ತಿಲ ದಾಸವಾಳದ ಫೋಟೋ ತೆಗೆದು, ಅದರ ಕೆಳಗೆ ಕಾಣುವ ಪೆನ್ಸಿಲ್ ಗುರುತು ಒತ್ತಿ, "ಈಗ ಇದರ ಮೇಲೆ ಏನ್ ಬೇಕಾದ್ರೂ ಬರಿಯಮ್ಮ" ಎಂದು ಫೋನನ್ನು ನನ್ನ ಕೈಗಿಟ್ಟಳು. ನಾನು 'ಶುಭೋದಯ' ಎಂದು ಬರೆದೆ. ಬೆರಳಿನಿಂದ ಎಳೆದರೆ ಆ ಮಾತು ಹೂವಿನ ಮೇಲೆ ಎಲ್ಲಿಗೆ ಬೇಕಾದರೂ ಸರಿಯುತ್ತಿತ್ತು. ಎರಡು ಬೆರಳಿಟ್ಟು ಹಿಗ್ಗಿಸಿದರೆ ದೊಡ್ಡದಾಗುತ್ತಿತ್ತು. ಅವತ್ತಿನಿಂದ ನನಗೆ ಅದರದ್ದೇ ಹುಚ್ಚು.

ನಮ್ಮ ಸಂಘದ ಹೆಂಗಸರ ಗ್ರೂಪಿಗೆ ಬೆಳಗಾದರೆ ನನ್ನದೊಂದು ಹೂವು ಹೋಗಬೇಕು. ಸಂಪಿಗೆ ಊರಿನ ದೇವಸ್ಥಾನಕ್ಕೆ ಎಲ್ಲರೂ ಸೇರಿ ಹೋಗಿ ಬಂದಾಗ ತೆಗೆದ ಫೋಟೋಗಳ ಮೇಲೆಲ್ಲ ನಾನೇ ಬರೆದೆ. ಆಮೇಲಾಮೇಲೆ ಯಾರ ಮನೆಯಲ್ಲಿ ನಾಮಕರಣವಾದರೂ, ಯಾರ ಮಗಳು ಪಾಸಾದರೂ ನನಗೆ ಫೋಟೋ ಬರತೊಡಗಿತು. "ಅಕ್ಕಾ, ಇದ್ರ ಮೇಲೆ ಚೆನ್ನಾಗಿರೋದು ಏನಾರ ಬರ್ದ್ಕೊಡಕ್ಕ" ಎನ್ನುವರು. ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿಯೂ ನನ್ನ ಕೈಯಿಂದಲೇ. ಬಿಳಿ ಅಂಗಿ ತೊಟ್ಟ ಹಿರಿಯರ ಫೋಟೋ ಮೇಲೆ ಬಿಳಿ ಅಕ್ಷರ ಬರೆದರೆ ಕಾಣುವುದಿಲ್ಲ, ಹಿಂದೆ ಒಂದು ಕಪ್ಪು ಪಟ್ಟಿ ಹಾಕಿದರೆ ದೂರಕ್ಕೂ ಎದ್ದು ಕಾಣುತ್ತದೆ ಎನ್ನುವುದನ್ನು ಹಾಗೇ ಮಾಡಿ ಮಾಡಿ ಕಲಿತೆ.

ಇದೆಲ್ಲ ನಮ್ಮ ಮಾವನವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಶೆಟ್ಟಿಕೆರೆ ಕಡೆಯ ನಮ್ಮೂರಲ್ಲಿ ಅವರ ದನಿ ಕೇಳದ ಬೀದಿಯಿಲ್ಲ. ಸುತ್ತಲ ಹಳ್ಳಿಗಳಲ್ಲಿ ಕೊಬ್ಬರಿ ಕೊಂಡು ತಿಪಟೂರಿನ ಮಾರ್ಕೆಟ್ಟಿಗೆ ಹಾಕುವುದು ಅವರ ಕೆಲಸವಾಗಿತ್ತು. ಆ ಕೆಲಸವೆಂದರೆ ಪೂರಾ ಮಾತು. ಜಗಲಿಯ ಮೇಲೆ ಕೂತರೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುವರು. ಆದರೆ ನನ್ನ ಹತ್ತಿರ ನೇರವಾಗಿ ಮಾತಿಲ್ಲ. ಏನಿದ್ದರೂ ಅತ್ತೆಯ ಮೂಲಕ. ನಾನೂ ಅವರ ಎದುರಿಗೆ ಕೂತವಳಲ್ಲ. ನನ್ನ ಕೈಯಲ್ಲಿ ಫೋನು ಕಂಡಾಗ ನನಗೆ ಕೇಳಿಸುವ ಹಾಗೆ ಅತ್ತೆಗೆ ಹೇಳುತ್ತಿದ್ದರು: "ನಿನ್ ಸೊಸೆ ಆ ಫೋನಿಗೆ ಇಬೂತಿ ಹಚ್ಚೋದೊಂದು ಬಾಕಿ ಐತೆ ನೋಡು." ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುವರು. ನಾನು ಅಡುಗೆಮನೆಯೊಳಗೆ ನಗುವೆ.

ಅವರಿಗೆ ಲಕ್ವ ಹೊಡೆದದ್ದು ಮನೆಯ ಮುಂದೆ ಕಾಯಿ ಸುಲಿಸುತ್ತಿದ್ದ ಒಂದು ಬೆಳಿಗ್ಗೆ. ಅಂಗಳದ ತುಂಬ ಮಟ್ಟೆಯ ರಾಶಿ. ಮಾವನವರು ಸುಲಿಯುವವರ ಜೊತೆ ಏನೋ ಜೋರಾಗಿ ವಾದ ಮಾಡುತ್ತಿದ್ದರು. ಅರ್ಧಕ್ಕೇ ದನಿ ನಿಂತಿತು. ಮಾವನವರು ಅರ್ಧಕ್ಕೆ ಮಾತು ನಿಲ್ಲಿಸುವವರೇ ಅಲ್ಲವಾದ್ದರಿಂದ ನಾನು ಕೈಯಲ್ಲಿದ್ದ ಮೊರ ಹಾಗೇ ಬಿಟ್ಟು ಆಚೆಗೆ ಬಂದೆ. ಅವರು ಕಂಬಕ್ಕೆ ಒರಗಿ ನಿಂತಿದ್ದರು. ಬಲಗೈಯಿಂದ ಜಾರಿದ ಹೆಗಲ ವಲ್ಲಿ ನೆಲದ ಮೇಲೆ ಬಿದ್ದಿತ್ತು. ಅದನ್ನೇ ನೋಡುತ್ತಿದ್ದರು, ಎತ್ತಿಕೊಳ್ಳಲು ಆಗುತ್ತಿರಲಿಲ್ಲ.

ತಿಪಟೂರಿನ ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿದರು. ಜೀವಕ್ಕೆ ತೊಂದರೆಯಾಗಲಿಲ್ಲ. ದಿನ ಕಳೆದಂತೆ ಕೋಲು ಹಿಡಿದು ನಡೆಯುವಷ್ಟು ಕಾಲಿಗೆ ಬಲ ಬಂತು. ಬಲಗೈ ಮಾತ್ರ ಅಷ್ಟಕ್ಕಷ್ಟೆ. ಮಾತು ಹೋಗಿಬಿಟ್ಟಿತ್ತು. ಪೂರ್ತಿ ಹೋಗಿತ್ತು ಎನ್ನುವ ಹಾಗೂ ಇರಲಿಲ್ಲ, ಒಂದು ಮಾತು ಉಳಿದಿತ್ತು: "ಅದೇ."

ನೀರು ಬೇಕಾದರೂ ಅದೇ. ಬೆನ್ನು ನೊಂದರೂ ಅದೇ. ಮಗ ಎದುರಿಗೆ ಬಂದರೂ ಅದೇ. ಒಂದೊಂದು ಸಲ ಅದೇ ಮಾತನ್ನು ಬೇರೆ ಬೇರೆ ರಾಗದಲ್ಲಿ, ಕೇಳುವ ಹಾಗೆ, ಬೈಯುವ ಹಾಗೆ, ಬೇಡುವ ಹಾಗೆ ಹೇಳುತ್ತಿದ್ದರು. ನಾವು ಲೋಟ ತೋರಿಸುವೆವು, ದಿಂಬು ತೋರಿಸುವೆವು, ಕಿಟಕಿ ತೆಗೆಯುವೆವು. ಯಾವುದೂ ಅಲ್ಲವೆಂದಾದಾಗ ಅವರ ಕಣ್ಣು ತುಂಬುತ್ತಿತ್ತು. ಆ ಮನುಷ್ಯ ಅತ್ತಿದ್ದನ್ನು ಅದಕ್ಕೆ ಮುಂಚೆ ಈ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ತುಮಕೂರಿನಲ್ಲಿ ಮಾತು ಕಲಿಸುವ ಒಬ್ಬ ಹುಡುಗಿ ಇದ್ದಳು. ಅತ್ತೆ ಅವಳನ್ನು 'ಮಾತಿನ ಡಾಕ್ಟ್ರಮ್ಮ' ಎಂದು ಕರೆಯುತ್ತಿದ್ದರು. ಅವಳು ಮಾವನವರ ಎದುರಿಗೆ ಕೂತು ಬಣ್ಣದ ಕಾರ್ಡುಗಳನ್ನು ಒಂದೊಂದಾಗಿ ಇಟ್ಟಳು. ಸೇಬು. ವಿಮಾನ. ಛತ್ರಿ. ಮಾವನವರು ಮುಖ ತಿರುಗಿಸಿಕೊಂಡರು. ಅವಳಿಗೆ ಬೇಸರವಾಗಲಿಲ್ಲ.

"ಇದು ಅವರದ್ದಲ್ಲ, ಅದಕ್ಕೇ ಬೇಡ ಅಂತಾರೆ" ಎಂದಳು. "ನಿಮ್ಮ ಮನೆ ಸಾಮಾನುಗಳ ಫೋಟೋ ತೆಗೀರಿ. ಪ್ರತಿಯೊಂದರ ಮೇಲೂ ದೊಡ್ಡದಾಗಿ ಹೆಸರು ಬರೀರಿ. ತೋರಿಸ್ತಾ ನೀವು ಜೋರಾಗಿ ಹೇಳಿ. ಮಾತು ಒಳಗೇ ಇದೆ. ಹೊರಗೆ ಬರೋದಕ್ಕೆ ಕಷ್ಟವಾಗ್ತಿದೆ."

"ಓದ್ತಾರಾ ಮೇಡಂ?" ಎಂದು ನನ್ನ ಗಂಡ ಕೇಳಿದರು.

"ಓದೋದು ಎಷ್ಟು ಉಳಿದಿದೆ ಅಂತ ಈಗಲೇ ಹೇಳೋಕಾಗಲ್ಲ. ಕೆಲವರಿಗೆ ಉಳಿದಿರುತ್ತೆ, ಕೆಲವರಿಗೆ ಇರಲ್ಲ."

ನನ್ನ ಗಂಡ ನನ್ನ ಕಡೆ ನೋಡಿ, "ಇವ್ಳಿಗೆ ಆ ಕೆಲಸ ಬತ್ತದೆ" ಎಂದರು. ನನಗೆ ಅಲ್ಲಿ ಯಾಕೋ ತುಂಬ ನಾಚಿಕೆಯಾಯಿತು.

ಊರಿಗೆ ಬಂದ ಮಾರನೆಯ ದಿನವೇ ಶುರು ಮಾಡಿದೆ. ಕಾಫಿ ಲೋಟ, ಕೋಲು, ಕನ್ನಡಕ, ಇಬೂತಿ ಗಟ್ಟಿ, ಅಟ್ಟದ ಮೇಲಿಂದ ತಂದ ಒಂದು ಉಂಡೆ ಕೊಬ್ಬರಿ. ಒಂದೊಂದನ್ನೂ ಜಗಲಿಯ ಬೆಳಕಿಗಿಟ್ಟು ಫೋಟೋ ತೆಗೆದೆ. ಶುಭಾಶಯ ಬರೆಯಲು ನಾನು ಫೋನಿಗೆ ಇಳಿಸಿಕೊಂಡಿದ್ದ ಬಳ್ಳಿ ಬಳ್ಳಿಯಂಥ ಅಕ್ಷರಗಳಿದ್ದವು. ಚೆನ್ನಾಗಿ ಕಾಣಲಿ ಎಂದು ಅದರಲ್ಲೇ ಬರೆದೆ. ಆಮೇಲೆ ಫೋನು ಹಿಡಿದು ಹೋಗಿ ಕಂಬದ ಪಕ್ಕ ನಿಂತೆ.

"ಕುಂತ್ಕಳಮ್ಮ" ಎಂದರು ಅತ್ತೆ. "ನಿಂತ್ಕಂಡು ತೋರ್ಸಿದ್ರೆ ಅವ್ರಿಗೇನ್ ಕಾಣ್ತದೆ?"

ಹಾಗೆ ಮಾವನವರ ಎದುರಿಗೆ, ಅದೇ ಜಗಲಿಯ ಮೇಲೆ, ಮೊದಲ ಸಲ ಕೂತೆ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಇಬ್ಬರೂ ಫೋನು ನೋಡಿದೆವು. "ಕಾಫಿ" ಎಂದೆ. "ಅದೇ" ಎಂದರು. "ಕೋಲು" ಎಂದೆ. "ಅದೇ." ಅವರ ದನಿಯಲ್ಲಿ ಆಸಕ್ತಿಯಿರಲಿಲ್ಲ. ನನ್ನನ್ನು ನೋಯಿಸಬಾರದೆಂದು ಕೂತಂತಿತ್ತು.

ಕೊಬ್ಬರಿಯ ಫೋಟೋ ಬಂದಾಗ ಅವರ ಎಡಗೈ ಮುಂದೆ ಬಂತು. ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಕಿರಿದು ಮಾಡಿ ನೋಡಿದರು. ಉಗುರಿನಿಂದ ಅದರ ಮೇಲೆ ಕುಟ್ಟಿದರು. "ಅದೇ! ಅದೇ!" ದನಿಯಲ್ಲಿ ಸಿಟ್ಟಿತ್ತು. ನಾನು ಕೆಟ್ಟ ಕೊಬ್ಬರಿಯ ಫೋಟೋ ತೆಗೆದಿದ್ದೇನೆ ಎಂದುಕೊಂಡೆ. ಕೊಬ್ಬರಿಯ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲವಲ್ಲ. ಅಟ್ಟ ಹತ್ತಿ ಇನ್ನೊಂದು ಆರಿಸಿ ತಂದೆ, ಒಳಗೆ ನೀರಿಲ್ಲವೆಂದು ಕಿವಿಯ ಹತ್ತಿರ ಅಲ್ಲಾಡಿಸಿಯೂ ತೋರಿಸಿದೆ. ಅವರು ಕೋಲಿನಿಂದ ನೆಲ ಕುಟ್ಟಿ ಮತ್ತೆ ಫೋನನ್ನೇ ತೋರಿಸಿದರು. ನನ್ನ ಗಂಡ ಹಟ್ಟಿಯ ಕಡೆಯಿಂದ ಓಡಿ ಬಂದರು. ಅಪ್ಪನ ಉಗುರು ಎಲ್ಲಿದೆಯೆಂದು ಬಗ್ಗಿ ನೋಡಿದರು.

"ಅಕ್ಷರ ನೋಡೇ. ಒತ್ತು ಬಿದ್ದಿಲ್ಲ."

ನಿಜ. ನನ್ನ ಬಳ್ಳಿ ಅಕ್ಷರಕ್ಕೆ ಒತ್ತು ಕೊಡಲು ಬರುತ್ತಿರಲಿಲ್ಲ. ಬ ಅಕ್ಷರದ ಅಡಿಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಬಂದು, 'ಕೊಬ್‌ಬರಿ' ಎಂದು ಮುರಿದು ನಿಂತಿತ್ತು. ಶುಭಾಶಯಗಳಲ್ಲಿ ಹೀಗಾಗುವುದನ್ನು ನಾನು ಎಷ್ಟೋ ಸಲ ನೋಡಿಯೂ ಸುಮ್ಮನಿದ್ದೆ, ಯಾರೂ ಕೇಳಿರಲಿಲ್ಲ. ಅಲ್ಲೇ ಕೂತು ಅಳಿಸಿ, ಫೋನಿನ ಸಾದಾ ಅಕ್ಷರದಲ್ಲಿ ಮತ್ತೆ ಬರೆದೆ. ಕಪ್ಪು ಪಟ್ಟಿ ಹಾಕಿದೆ. ಮಾವನವರು ನೋಡಿದರು. ತಲೆಯಾಡಿಸಿ, ಗೋಡೆಗೆ ಒರಗಿ ಉಸಿರು ಬಿಟ್ಟರು.

ಅದರ ಅರ್ಥ ನಮಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆಗೆ ಓದು ಬಾರದು. "ಏನಂತಮ್ಮ? ಯಾಕ್ ಹಂಗ್ ನೋಡ್ಕಂಡ್ ಕುಂತಿದೀರಾ ಇಬ್ರೂ?" ಎಂದು ಕೇಳಿದರು.

"ಮಾವನೋರು ಓದ್ತಾವ್ರೆ ಅತ್ತೆ" ಎಂದೆ. "ಓದಿ, ತಪ್ಪು ಹಿಡಿದ್ರು."

ಅತ್ತೆ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯಲ್ಲಿ ದೀಪ ಹಚ್ಚುವುದಿಲ್ಲ.

ಆಮೇಲೆ ಕೆಲಸ ಜೋರಾಯಿತು. ಆದರೆ ನಾನು ಬರೆದದ್ದೆಲ್ಲ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಮುದ್ದೆ, ಹುರುಳಿ ಸಾರು ಇಟ್ಟ ತಟ್ಟೆಯ ಫೋಟೋ ತೆಗೆದು 'ಊಟ' ಎಂದು ಬರೆದಿದ್ದೆ. ಅವರು ತಲೆ ಅಡ್ಡಡ್ಡ ಆಡಿಸಿದರು.

"ಅವ್ರು ಯಾವತ್ತು ಊಟ ಅಂದವ್ರೆ?" ಎಂದರು ಅತ್ತೆ. "ಹಿಟ್ಟು ಅಂತಾರೆ. ಹಿಟ್ಟು ಅಂತ ಬರಿ."

ಹಾಗೆ ಬರೆದಾಗ ಒಪ್ಪಿದರು. 'ಟವೆಲ್' ಹೋಗಿ 'ವಲ್ಲಿ' ಆಯಿತು. ಆಮೇಲೆ ಅತ್ತೆಯೇ ನನ್ನ ಪಕ್ಕದಲ್ಲಿ ಕೂತು ಯಾವ ಸಾಮಾನಿಗೆ ಮಾವನವರ ಬಾಯಲ್ಲಿ ಯಾವ ಮಾತು ಇತ್ತೆಂದು ಹೇಳತೊಡಗಿದರು. ಅವರಿಬ್ಬರೂ ಕೂಡಿ ಬಾಳಿದ ವರ್ಷಗಳೆಲ್ಲ ಅತ್ತೆಯ ಕಿವಿಯಲ್ಲಿ ಹಾಗೇ ಇದ್ದವು. ಅಕ್ಷರ ಬಾರದ ಅತ್ತೆ ಹೇಳುವರು, ಅಕ್ಷರ ಬರುವ ನಾನು ಬರೆಯುವೆ.

ಒಂದು ಫೋಟೋ ತೆಗೆಯಲು ನನಗೆ ಬಹಳ ಸಂಕೋಚವಾಗಿತ್ತು. ಪಾಯಿಖಾನೆಯದು. ಅದಕ್ಕೆ ಹೋಗಬೇಕೆಂದು ಹೇಳಲಾಗದೆ ಅವರು ಎಷ್ಟು ಕಷ್ಟಪಡುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು. ಒಂದೆರಡು ಸಲ ಪಂಚೆ ಒದ್ದೆಯಾಗಿತ್ತು. ಆಗ ಅವರು ಯಾರನ್ನೂ ನೋಡದೆ ಗೋಡೆಯ ಕಡೆಗೆ ತಿರುಗಿ ಕೂತುಬಿಡುತ್ತಿದ್ದರು. ಕೊನೆಗೆ ಹಿತ್ತಿಲಿಗೆ ಹೋಗಿ ಆ ಬಾಗಿಲ ಫೋಟೋ ತೆಗೆದು ಬಂದೆ. ಬೋರ್ಡುಗಳಲ್ಲಿ ನೋಡಿದ ಹಾಗೆ 'ಶೌಚಾಲಯ' ಎಂದು ಬರೆಯಲು ಹೊರಟೆ. ಅತ್ತೆ ನನ್ನ ಕಿವಿಯ ಹತ್ತಿರ ಬಂದು, "'ಆಚೆಗೆ' ಅಂತ ಬರಿಯಮ್ಮ. 'ಆಚೆಗೆ ಹೋಗ್ ಬತ್ತೀನಿ' ಅಂತಲೇ ಅನ್ನೋರು" ಎಂದರು. ಹಾಗೇ ಬರೆದೆ. ತೋರಿಸುವಾಗ ನಾನು ಎದುರಿಗಿರಲಿಲ್ಲ, ನನ್ನ ಗಂಡ ತೋರಿಸಿದರು. ಅವತ್ತಿನಿಂದ ಮಾವನವರ ಪಂಚೆ ಒದ್ದೆಯಾಗಲಿಲ್ಲ. ಮನೆಯಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಈ ಫೋಟೋಗಳನ್ನೆಲ್ಲ ಹಾಕಿ, ದಾರ ಕಟ್ಟಿ ಅವರ ಕೊರಳಿಗೆ ಹಾಕಿದೆವು. ಎಡಗೈ ಹೆಬ್ಬೆರಳಿನಿಂದ ಸರಿಸಿ ಸರಿಸಿ ಬೇಕಾದ್ದು ಸಿಕ್ಕಾಗ ನಮ್ಮ ಮುಂದೆ ಹಿಡಿಯುವರು.

ಮಾತು ನಿಧಾನವಾಗಿ ಬಂತು. ಮೊದಲು ನಾನು ಹೇಳಿದ್ದರ ಬೆನ್ನಿಗೇ ತುಟಿ ಆಡಿಸುವರು. ಆಮೇಲೆ ದನಿ ಸೇರಿತು. ಒಂದು ದಿನ ತಟ್ಟೆ ಮುಂದಿಟ್ಟ ಕೂಡಲೇ, ಫೋನು ನೋಡದೆ, "ಇಟ್ಟು" ಎಂದರು. ಮುಂದಿನ ಸಲ ತುಮಕೂರಿಗೆ ಹೋದಾಗ ಮಾತಿನ ಡಾಕ್ಟ್ರಮ್ಮ ಅದನ್ನು ಕೇಳಿಸಿಕೊಂಡು, "ಹ ಅಕ್ಷರ ಇನ್ನೂ ಬರ್ತಿಲ್ಲ, ಅಭ್ಯಾಸ ಮಾಡಿಸಿ" ಎಂದಳು. "ಅದು ಮುಂಚೆನೂ ಬತ್ತಿರ್ಲಿಲ್ಲ ಬುಡಮ್ಮ" ಎಂದರು ಅತ್ತೆ. ಡಾಕ್ಟ್ರಮ್ಮ ಬಿದ್ದು ಬಿದ್ದು ನಕ್ಕಳು. ಮಾವನವರೂ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಸಾಮಾನುಗಳು ಮುಗಿದ ಮೇಲೆ ಮನುಷ್ಯರ ಸರದಿ ಬಂತು. ಮಗನ ಫೋಟೋ, ಮೊಮ್ಮಗಳ ಫೋಟೋ ಆಯಿತು. ಇಬ್ಬರ ಮೇಲೂ ಹೆಸರು ಬರೆದೆ. ಅತ್ತೆ ಮಾತ್ರ ಫೋಟೋ ಬೇಡವೆಂದು ಅಡುಗೆಮನೆಯೊಳಗೆ ಹೋಗಿ ಕೂತರು. ಬಲವಂತ ಮಾಡಿದಾಗ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಪೆಟ್ಟಿಗೆಯಲ್ಲಿದ್ದ ಸರ ಹಾಕಿಕೊಂಡು ಬಂದು ಬಾಗಿಲ ಹತ್ತಿರ ನೆಟ್ಟಗೆ ನಿಂತರು. ಫೋಟೋ ಚೆನ್ನಾಗಿಯೇ ಬಂತು. ಅದರ ಮೇಲೆ ಏನು ಬರೆಯುವುದೆಂದು ಮಾತ್ರ ತಿಳಿಯಲಿಲ್ಲ.

"ಅಮ್ಮ ಅಂತ ಬರಿ" ಎಂದರು ನನ್ನ ಗಂಡ.

"ನಿಮ್ಗೆ ಅಮ್ಮ. ಅವ್ರಿಗೆ ಏನ್ರೀ?"

ಅತ್ತೆಯ ಹೆಸರು ಬರೆದು ತೋರಿಸಿದೆ. ಮಾವನವರು ಓದಿದರು, ಓದಿ ಬೇರೆ ಕಡೆ ನೋಡಿದರು. ಹೆಂಡತಿಯ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದವರೇ ಅಲ್ಲ. 'ಇವ್ಳು', 'ನಮ್ಮನೇಲಿ' ಎಂದೇ ಬೇರೆಯವರ ಹತ್ತಿರ ಮಾತು.

"ನಿಮ್ಮನ್ನ ಏನಂತ ಕರೀತಿದ್ರು ಅತ್ತೆ?" ಎಂದು ಕೇಳಿದೆ.

ಅತ್ತೆಯ ಮುಖ ಕೆಂಪಾಯಿತು. "ಏನಿಲ್ಲ ಬುಡು. ಮಾರ್ಕೆಟ್ನಿಂದ ಬತ್ತಿದ್ದಂಗೆ, ಚಪ್ಲಿ ಬುಡೋಕ್ ಮುಂಚೆನೇ, 'ಎಲ್ಲಿದ್ದೀಯೇ' ಅನ್ನೋರು. ಅಷ್ಟೇಯ."

ನನಗೂ ಆ ಕೂಗು ಗೊತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಸಂಜೆ ಸಂಜೆ ಕೇಳಿದ್ದೆ. ಅದು ಅತ್ತೆಯ ಹೆಸರೆಂದು ತೋಚಿರಲಿಲ್ಲ. ಅಳಿಸಿ, 'ಎಲ್ಲಿದ್ದೀಯೇ' ಎಂದು ಬರೆದೆ. ಅತ್ತೆಯ ಕಾಲಡಿಗೆ, ಹೊಸಿಲ ಮೇಲೆ ಕೂರಿಸಿದೆ. ಮಾವನವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ತುಟಿ ನಡುಗಿತು, ಮಾತು ಹೊರಡಲಿಲ್ಲ. ಅವತ್ತು ಅಷ್ಟಕ್ಕೇ ಬಿಟ್ಟೆವು.

ಕೆಲವು ದಿನಗಳಾದ ಮೇಲೆ, ಅತ್ತೆ ಹಿತ್ತಿಲಲ್ಲಿ ಪೊರಕೆಗೆಂದು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಾಗ, ಜಗಲಿಯಿಂದ ಒಂದು ಕೂಗು ಬಂತು. ಮೊದಲಿನಷ್ಟು ಜೋರಿರಲಿಲ್ಲ, ಕೊನೆಯ ಅಕ್ಷರ ಸವೆದಿತ್ತು. ಆದರೆ ಅದು ಆ ಹಳೆಯ ಕೂಗೇ. ಅತ್ತೆ ಕೈಯಲ್ಲಿದ್ದ ಕುಡುಗೋಲು ಹಿಡಿದುಕೊಂಡೇ ಓಡಿದರು. "ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ" ಎನ್ನುತ್ತಾ ಓಡಿದರು. ಮಾವನವರಿಗೆ ಏನೂ ಬೇಕಾಗಿರಲಿಲ್ಲ. ಸುಮ್ಮನೆ ಕರೆದಿದ್ದರು.

ಇಷ್ಟು ಸರಿಹೋಗುತ್ತಿರುವಾಗ ಒಂದು ಕೆಟ್ಟ ಘಳಿಗೆ ಬಂತು. ನನ್ನ ಗಂಡನ ಚಿಕ್ಕಪ್ಪನ ಮಗನೊಬ್ಬ ಹುಳಿಯಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಮಾವನವರನ್ನೂ ಕರೆದುಕೊಂಡು ಹೋದೆವು. ಜನ ಸುತ್ತಲೂ ಸೇರಿ ಮಾತಾಡಿಸಿದರು. ಗದ್ದಲಕ್ಕೆ ಅವರು ಗಾಬರಿಯಾದರೆಂದು ಕಾಣುತ್ತದೆ, ಬಂದಿದ್ದ ಮಾತುಗಳೂ ಒಳಗೆ ಸೇರಿಕೊಂಡವು. ಯಾರು ಏನು ಕೇಳಿದರೂ "ಅದೇ" ಎಂದರು.

ಮಾರನೆಯ ದಿನ ಅವರು ನನ್ನ ಫೋನಿನಲ್ಲಿ ಮೊಮ್ಮಗಳ ಹೊಸ ಫೋಟೋ ನೋಡುತ್ತಿದ್ದಾಗ ನೆಂಟರ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಬೆರಳು ತಾಗಿ ಅದು ತೆರೆದುಕೊಂಡಿತು. ಮಾವನವರದ್ದೇ ಫೋಟೋ. ಊಟದ ಎಲೆಯ ಮುಂದೆ, ಬಾಯಲ್ಲಿ ಲಾಡು, ಗಲ್ಲಕ್ಕೆ ಸಾರು ಮೆತ್ತಿಕೊಂಡಿದ್ದು. ಮೇಲೆ ಬರೆದಿತ್ತು: 'ಲಾಡು ಬೇಕಾ ದೊಡ್ಡಪ್ಪ? ಅದೇ! ಪಾಯಸ ಬೇಕಾ? ಅದೇ! ದೊಡ್ಡಮ್ಮ ಬೇಕಾ? ಅದೇ!' ಕೆಳಗೆ ನಗುವ ಮುಖಗಳ ಸಾಲು. ಕಳಿಸಿದವನು ಗೃಹಪ್ರವೇಶ ಮಾಡಿದ ಆ ಮೈದುನನೇ.

ಮಾವನವರು ಓದಿದರು. ಅವರಿಗೆ ಓದು ಬರುತ್ತದೆಂದು ನಾವು ಎಷ್ಟು ಸಂತೋಷಪಟ್ಟಿದ್ದೆವೋ ಅವತ್ತು ಅಷ್ಟೇ ಸಂಕಟವಾಯಿತು. ಫೋನನ್ನು ನಿಧಾನವಾಗಿ ಪಕ್ಕಕ್ಕಿಟ್ಟು, ವಲ್ಲಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದರು. ನಾನು ಆ ಫೋಟೋವನ್ನು ಮತ್ತೆ ಮತ್ತೆ ನೋಡಿದೆ. ಬಿಳಿ ಅಕ್ಷರ ಎದ್ದು ಕಾಣಲೆಂದು ಹಿಂದೆ ಕಪ್ಪು ಪಟ್ಟಿ ಹಾಕಿದ್ದ. ನಾನು ಮಾಡುವ ಕೆಲಸವನ್ನೇ ಅವನೂ ಮಾಡಿದ್ದ, ಅಷ್ಟೇ ಜತನದಿಂದ ಮಾಡಿದ್ದ. ಅದು ನನ್ನನ್ನು ಬಹಳ ಚುಚ್ಚಿತು.

ನನ್ನ ಗಂಡ ಬಂದು ನೋಡಿದವರೇ ಬೈಕ್ ಕೀಲಿ ಹುಡುಕತೊಡಗಿದರು. "ಅವ್ನ ಹಲ್ಲು ಉದುರಿಸಿ ಬತ್ತೀನಿ."

"ಹೋಗ್ಬ್ಯಾಡ ಕಣಪ್ಪ" ಎಂದು ಅತ್ತೆ ತಡೆದರು. "ನಿಮ್ಮಪ್ಪ ಎದ್ದು ಏನಂತಾರೋ ನೋಡಾನ."

ಮಾವನವರು ಎರಡು ದಿನ ಏನೂ ಅನ್ನಲಿಲ್ಲ. ಕೊರಳ ಫೋನು ತೆಗೆದಿಟ್ಟರು. ನಾನು ಎದುರಿಗೆ ಕೂತು 'ಕಾಫಿ' ಎಂದರೆ ತಲೆ ತಗ್ಗಿಸುವರು. ನಮ್ಮ ಶ್ರಮವೆಲ್ಲ ನೀರಲ್ಲಿ ಹೋಯಿತೆಂದೇ ನಾನು ತಿಳಿದೆ. ಮೂರನೆಯ ದಿನ ಬೆಳಿಗ್ಗೆ ನಾನು ಕಾಫಿ ತಂದಿಟ್ಟಾಗ ಕೋಲಿನಿಂದ ನನ್ನನ್ನು ನಿಲ್ಲಿಸಿದರು. ಲೋಟ ತೋರಿಸಿದರು. ಪಕ್ಕದ ಖಾಲಿ ಜಾಗ ತೋರಿಸಿದರು. ಇನ್ನೊಂದು ಲೋಟ ಬೇಕೆಂದು ಅರ್ಥವಾಯಿತು, ತಂದಿಟ್ಟೆ. ಆಮೇಲೆ ಕಣ್ಣಿನ ಹತ್ತಿರ ಬೆರಳು ತಂದು ಕ್ಲಿಕ್ ಮಾಡುವ ಹಾಗೆ ಮಡಿಸಿದರು. ಜಗಲಿಯ ಮೇಲೆ ಹಬೆಯಾಡುವ ಎರಡು ಲೋಟಗಳ ಫೋಟೋ ತೆಗೆದೆ. ಬರೆಯುವ ಜಾಗ ತೆರೆಯುವಂತೆ ಸನ್ನೆ ಮಾಡಿದರು. ತೆರೆದು, ಫೋನನ್ನು ಅವರ ಮುಂದೆ ಹಿಡಿದೆ. ಎಡಗೈಯ ತೋರುಬೆರಳು ಗಾಳಿಯಲ್ಲಿ ಬಹಳ ಹೊತ್ತು ಅಲೆಯಿತು. ಬ ಸಿಕ್ಕಿತು. ದೀರ್ಘ ಎಲ್ಲಿದೆಯೆಂದು ಹುಡುಕಿದರು. ನಾನು ಹೇಳಿಕೊಡಲು ಹೋದೆ, ಬೇಡವೆಂದರು. ಕೊನೆಗೆ ತಾವೇ ಒತ್ತಿದರು.

'ಬಾ.'

ಯಾರಿಗೆ ಎಂದು ಕೇಳಿದೆ. ಮೈದುನ ಕಳಿಸಿದ್ದ ಆ ಫೋಟೋ ತೆರೆಸಿ, ಅದನ್ನೇ ತೋರಿಸಿದರು. ಅವನೊಬ್ಬನಿಗೆ ಕಳಿಸಲು ಹೋದಾಗ ತಡೆದು, ಗ್ರೂಪಿಗೇ ಹಾಕಿಸಿದರು.

"ಅವ್ನಿಗೇನ್ ಕಾಫಿ ಕೇಡು!" ಎಂದು ನನ್ನ ಗಂಡ ಸಿಡುಕಿದರು. ಮಾವನವರು ಕೈಯೆತ್ತಿ ಸುಮ್ಮನಿರಿಸಿದರು.

'ದೊಡ್ಡಪ್ಪನವರೇ ಬರೆದದ್ದು' ಎಂದು ಕೆಳಗೆ ನಾನೊಂದು ಸಾಲು ಸೇರಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವನು ಹಾಕಿದ್ದ ಫೋಟೋ ಗ್ರೂಪಿನಿಂದ ಅಳಿಸಿಹೋಗಿತ್ತು.

ಭಾನುವಾರ ಮೈದುನ ಬೈಕಿನಲ್ಲಿ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅಂಗಳದಲ್ಲೇ ನಿಂತ, ಮೆಟ್ಟಿಲು ಹತ್ತಲಿಲ್ಲ. ಮಾವನವರು ಜಗಲಿಯ ಮೇಲೆ ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

"ತಪ್ಪಾಯ್ತು ದೊಡ್ಡಪ್ಪ" ಎಂದ. ಕೂತ. ನಾನು ಕಾಫಿ ಕೊಟ್ಟಾಗ ತಲೆಯೆತ್ತದೆ, "ದೊಡ್ಡಪ್ಪಂಗೆ ತಿಳೀತದೆ ಅಂತ ಗೊತ್ತಿರ್ಲಿಲ್ಲ ಕಣತ್ತಿಗೆ" ಎಂದ. "ಮಾತು ಹೋದ್ಮೇಲೆ ಒಳಗೂ ಏನೂ ಇರಲ್ಲ ಅನ್ಕಂಡಿದ್ದೆ."

ಅವನೊಬ್ಬನೇ ಅಲ್ಲ, ಊರಲ್ಲಿ ಎಷ್ಟೋ ಜನ ಹಾಗೇ ತಿಳಿದಿದ್ದರು. ದೂರದಿಂದ ನೋಡಿ, ಪಾಪ ಎಂದು ತಲೆಯಾಡಿಸಿ, ಅವರ ಎದುರಿಗೇ ಅವರ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಮಾವನವರು ಮತ್ತೆ ಕೊರಳಿಗೆ ಹಾಕಿಕೊಂಡಿದ್ದ ಫೋನನ್ನು ಅವನ ಕೈಗೆ ಕೊಟ್ಟರು. ಅವನು ಒಂದೊಂದೇ ಫೋಟೋ ಸರಿಸುತ್ತಾ ಅದರ ಮೇಲಿನದನ್ನು ಗಟ್ಟಿಯಾಗಿ ಓದಿದ, ಅವರು ಹಿಂದೆಯೇ ಹೇಳಿದರು. 'ವಲ್ಲಿ', 'ಕೋಲು', 'ಹಿಟ್ಟು'. 'ಎಲ್ಲಿದ್ದೀಯೇ' ಬಂದಾಗ ಅವನು ಗಟ್ಟಿಯಾಗಿ ಓದಿಬಿಟ್ಟ. ಒಳಗಿಂದ ಅತ್ತೆ, "ನಿಂಗ್ ಬ್ಯಾರೆ ಹೇಳ್ಬೇಕೇನ್ಲಾ, ಮುಂದ್ಕೆ ಹೋಗು" ಎಂದು ಗದರಿದರು. ಜಗಲಿಯಲ್ಲಿ ಇಬ್ಬರೂ ನಕ್ಕರು.

ಆಮೇಲೆ ಅವನು ಅಂಗಡಿ ಸಾಮಾನಿಗೆ ತಿಪಟೂರಿಗೆ ಹೋದಾಗಲೆಲ್ಲ ಮಾರ್ಕೆಟ್ಟಿನ ಒಂದು ಫೋಟೋ ತೆಗೆದು, ಅದರ ಮೇಲೆ ಒಂದು ಮಾತು ಬರೆದು ದೊಡ್ಡಪ್ಪನಿಗೆ ಕಳಿಸುವುದನ್ನು ರೂಢಿ ಮಾಡಿಕೊಂಡ. ಕೊಬ್ಬರಿ ರಾಶಿ, ಹಳೆಯ ಮಂಡಿಯ ಬಾಗಿಲು, ಜೊತೆಯಲ್ಲಿ ವ್ಯಾಪಾರ ಮಾಡುತ್ತಿದ್ದವರ ಮುಖಗಳು. ಅವುಗಳನ್ನು ನೋಡುತ್ತಾ ಮಾವನವರಿಗೆ ಬಂದಷ್ಟು ಮಾತು ನನ್ನ ಲೋಟ ತಟ್ಟೆಗಳಿಂದ ಬರಲಿಲ್ಲ.

ಒಂದು ಮಧ್ಯಾಹ್ನ ಮಾವನವರು ಫೋಟೋಗಳನ್ನೆಲ್ಲ ಮೊದಲಿಂದ ಕೊನೆಯವರೆಗೆ ಸರಿಸಿ ನೋಡಿ, ನನ್ನ ಕಡೆ ಬೆರಳು ಮಾಡಿದರು. ನೀರು ತಂದೆ. ಅಲ್ಲವೆಂದರು. ಮತ್ತೆ ಬೆರಳು ಮಾಡಿದರು. ಅತ್ತೆಗೆ ಅರ್ಥವಾಯಿತು.

"ನಿನ್ ಫೋಟನೇ ಇಲ್ವಲ್ಲೇ ಇದ್ರಾಗೆ!"

ಎಮ್ಮೆಯ ಫೋಟೋ ಇತ್ತು, ನಾಯಿಯ ಫೋಟೋ ಇತ್ತು. ತೆಗೆಯುವವಳು ನಾನಾದ್ದರಿಂದ ನನ್ನದು ಇರಲಿಲ್ಲ. ಅತ್ತೆಯೇ ಫೋನು ಹಿಡಿದು ತೆಗೆದರು. ಸೊಟ್ಟಗೆ ಬಂತು, ನನ್ನ ತಲೆ ಅರ್ಧ ಕತ್ತರಿಸಿಹೋಗಿತ್ತು. ಇದು ಸಾಕೆಂದು ಅದರ ಮೇಲೆ 'ಸೊಸೆ' ಎಂದು ಬರೆದು ಕೊಟ್ಟೆ. ಮಾವನವರು ಅದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಅಳಿಸುವುದು ಅಷ್ಟು ಹೊತ್ತಿಗೆ ಅವರಿಗೆ ಚೆನ್ನಾಗಿ ಬರುತ್ತಿತ್ತು. ನನ್ನನ್ನು ಕರೆಯಲು ಅವರಲ್ಲಿ ಯಾವ ಮಾತೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಎಂದೂ ನೇರವಾಗಿ ಕರೆದವರಲ್ಲವಲ್ಲ. ಅತ್ತೆಯನ್ನು ಕೇಳಿದರೂ ಸಿಗುವಂಥದ್ದಲ್ಲ. ಅವರ ಬೆರಳು ಮತ್ತೆ ಅಲೆಯಿತು. ನಾನು ಒಲೆಯ ಮೇಲಿನ ಹಾಲು ನೋಡಿ ಬರಲು ಎದ್ದೆ. ಬರುವಷ್ಟರಲ್ಲಿ ಬರೆದು ಮುಗಿಸಿದ್ದರು.

'ಮೇಸ್ಟು.'

"ಏನಂತ ಬರ್ದವ್ರೆ, ಓದೇ" ಎಂದರು ಅತ್ತೆ. ನನಗೆ ಓದಲಾಗಲಿಲ್ಲ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಸಂಜೆ ನನ್ನ ಗಂಡ ಬಂದು ನೋಡಿ, "ಅಮ್ಮಾ, ಅಪ್ಪ ಇವ್ಳನ್ನ ಮೇಷ್ಟ್ರು ಮಾಡವ್ರೆ ಕಣಮ್ಮ!" ಎಂದು ಕೂಗಿ ಹೇಳಿದರು. ಮಾರನೆಯ ದಿನ ಮಾವನವರೇ ಅದರಲ್ಲಿ ಬಿಟ್ಟುಹೋಗಿದ್ದ ಒತ್ತನ್ನು ನನ್ನ ಕೈಯಲ್ಲಿ ಹಾಕಿಸಿದರು. ಈಗ ನನ್ನನ್ನು ಕರೆಯುವುದು ಹಾಗೇ. ಮೊದಲ ಅರ್ಧ ಕೇಳುತ್ತದೆ, ಉಳಿದದ್ದು ಬಾಯೊಳಗೇ ಇರುತ್ತದೆ. ಅಷ್ಟಕ್ಕೇ ನಾನು ಓ ಎನ್ನುತ್ತೇನೆ.

ಅವರಿಗೆ ಮೊದಲಿನ ಮಾತು ಬರಲಿಲ್ಲ, ಬರುವುದೂ ಇಲ್ಲವೆಂದು ಡಾಕ್ಟ್ರಮ್ಮ ಮೆಲ್ಲಗೆ ಹೇಳಿದ್ದಾಳೆ. ಒಂದೊಂದೇ ಮಾತು, ಅಪರೂಪಕ್ಕೆ ಎರಡು ಸೇರಿಸಿ. ಜ್ವರ ಬಂದರೆ, ನಿದ್ದೆ ಕೆಟ್ಟರೆ ಬಂದದ್ದೂ ಹೋಗುತ್ತದೆ. ಆಗ ಮತ್ತೆ ಕಾಫಿ ಲೋಟದಿಂದ ಶುರು ಮಾಡುತ್ತೇವೆ. ಹೊಲಿಗೆ ಹಾಕಿದ್ದು ಬಿಚ್ಚಿಹೋದರೆ ಮತ್ತೆ ಹೊಲಿದ ಹಾಗೆ. ಮೊದಮೊದಲು ಅಳು ಬರುತ್ತಿತ್ತು, ಈಗ ಇಬ್ಬರಿಗೂ ಅಭ್ಯಾಸವಾಗಿದೆ.

ಮೊನ್ನೆ ಆ ಮೈದುನ ಬಂದು ಅವರನ್ನು ತಿಪಟೂರಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದ. ಸಂಜೆ ಬಾಗಿಲಲ್ಲಿ ಬಿಟ್ಟು, ಕತ್ತಲಾಗುತ್ತದೆಂದು ಹಾಗೇ ಹೊರಟ. ಮಾವನವರು ಏನೋ ದೊಡ್ಡ ಸುದ್ದಿ ತಂದಿದ್ದರು, ಮುಖ ನೋಡಿದರೆ ತಿಳಿಯುತ್ತಿತ್ತು. ಜಗಲಿಯ ಮೇಲೆ ಕೂತು "ಕೊಬ್ರಿ" ಎಂದರು. ನಾವು ಕಾದೆವು. ಕೈ ಮೇಲೆತ್ತಿ ಬೆರಳು ಉದುರಿಸಿದರು. "ಮಳೆ" ಎಂದರು. ಆಮೇಲೆ ಸಿಕ್ಕಲಿಲ್ಲ. ಫೋನು ಸರಿಸಿದರು, ಅದರಲ್ಲೂ ಸಿಕ್ಕಲಿಲ್ಲ. ಎಡಗೈಯಿಂದ ಏನನ್ನೋ ಎಳೆದು ಹೊದಿಸುವ ಹಾಗೆ ಮಾಡಿದರು. ಕೋಲು ಹಿಡಿದು ಎದ್ದು ನಿಂತು, ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡುವವರಂತೆ ನಡೆದು ತೋರಿಸಿದರು. ನನ್ನ ಗಂಡ ಬಾಯಿ ಹಾಕಲು ಹೋದರು, ಅತ್ತೆ ಅವರ ಕೈ ಹಿಡಿದರು.

"ಟಾರ್... ಟಾರ್ಪಾಲು" ಎಂದರು ಮಾವನವರು. ಆ ಮಾತು ನಾನು ಯಾವ ಫೋಟೋ ಮೇಲೂ ಬರೆದಿರಲಿಲ್ಲ.

ಮಾರ್ಕೆಟ್ಟಿನಲ್ಲಿ ಇದ್ದಕ್ಕಿದ್ದಂತೆ ಮಳೆ ಬಂದು, ಹೊರಗೆ ಹರವಿದ್ದ ಕೊಬ್ಬರಿ ನೆನೆದು, ಜನ ಟಾರ್ಪಾಲು ಎಳೆದುಕೊಂಡು ದಿಕ್ಕೆಟ್ಟು ಓಡಿದ್ದರು. ಅಷ್ಟು ನಮಗೆ ತಿಳಿದಾಗ ಅವರು ದಣಿದು ಕೂತರು.

"ಇಷ್ಟ್ ಹೇಳೋಕೆ ಇಷ್ಟೊತ್ತೇ?" ಎಂದರು ಅತ್ತೆ.

ಮಾವನವರು ಮೈ ಕುಲುಕಿಸಿ ನಕ್ಕರು. ಅವರ ತಲೆಗೂದಲು ಇನ್ನೂ ಒದ್ದೆಯಿತ್ತು. ನಾನು ಒಳಗಿಂದ ಒಣಗಿದ ವಲ್ಲಿ ತಂದು ಕೊಟ್ಟೆ.